ಕಟ್ಟಿಸಿದ ಹಲ್ಲಿಗೆ ಬೇವು, ಅರಿಶಿನ, ನಿಂಬೆ: ಸೆಟ್ಟು ಕೆಡದಂತೆ ತೊಳೆಯುವ ಬಗೆ

ಮಾನ್ವಿ ಕಡೆಯ ಒಬ್ಬ ಅಜ್ಜಿ ಹೋದ ಬೇಸಿಗೆಯಲ್ಲಿ ನಮ್ಮ ಲ್ಯಾಬಿಗೆ ಬಂದಿದ್ದರು. ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದ ಹಲ್ಲಿನ ಸೆಟ್ಟು ಬಿಚ್ಚಿ ಮೇಜಿನ ಮೇಲಿಟ್ಟರು. ಮೇಲಿನ ಸೆಟ್ಟು ಒಂದು ಕಡೆ ಎದ್ದಿತ್ತು. ಬಾಯಿಗೆ ಹಾಕಿದರೆ ಕೂರುತ್ತಿರಲಿಲ್ಲ. “ಏನ್ ಮಾಡಿದ್ರಿ ಅಮ್ಮಾ?” ಅಂದೆ. “ಬೇವಿನ ತಪ್ಪಲ ಹಾಕಿ ಕುದಿಸೀನಪಾ, ಹುಳ ಸಾಯಲಿ ಅಂತ,” ಅಂದರು.

ಬೇವಿನದೇನೂ ತಪ್ಪಿರಲಿಲ್ಲ. ಕುದಿಸಿದ್ದು ತಪ್ಪು.

ರಾಯಚೂರಿನಲ್ಲಿ ಹಲ್ಲಿನ ಸೆಟ್ಟು ಮಾಡುವುದು, ಮುರಿದದ್ದನ್ನು ಕೂಡಿಸುವುದು ನನ್ನ ಕಸುಬು. ಸೆಟ್ಟು ತೊಳೆಯಲು ಅಂಗಡಿಯ ಮಾತ್ರೆ ಬೇಡ, ಕೆಮಿಕಲ್ ಬೇಡ, ಮನೆಯದ್ದೇ ಸಾಕು ಎನ್ನುವವರು ಈಗ ಜಾಸ್ತಿ. ಅವರು ಕೇಳುವುದು ಒಂದೇ ಪ್ರಶ್ನೆ: ಇದು ಕ್ರಿಮಿ ಕೊಲ್ಲುತ್ತದಾ? ಸೆಟ್ಟಿಗೆ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಗಿಡದ್ದು ಅಂದ ಮಾತ್ರಕ್ಕೆ ಪ್ಲಾಸ್ಟಿಕ್ಕಿಗೆ ಮೆತ್ತಗೆ ಅಂತ ಅರ್ಥವಲ್ಲ. ಗಿಡದ ಜೊತೆಗೆ ಬಣ್ಣ ಬರುತ್ತದೆ, ಎಣ್ಣೆ ಬರುತ್ತದೆ, ಹುಳಿ ಬರುತ್ತದೆ, ಒರಟು ಪುಡಿ ಬರುತ್ತದೆ. ಸೆಟ್ಟು ಕೆಡುವುದು ಇವುಗಳಿಂದ.

ಮೊದಲ ಹೆಜ್ಜೆ: ನಿಮ್ಮ ಸೆಟ್ಟು ಯಾವುದರದ್ದು?

ಇದು ಗೊತ್ತಿಲ್ಲದೆ ಮುಂದಿನದು ಓದಿ ಪ್ರಯೋಜನವಿಲ್ಲ.

ನಮ್ಮ ಕಡೆ ಹೆಚ್ಚಿನವರ ಬಾಯಲ್ಲಿರುವುದು ಗುಲಾಬಿ ಬಣ್ಣದ ಗಟ್ಟಿ ಅಕ್ರಿಲಿಕ್. ಪೂರ್ತಿ ಹೆಸರು ಪಾಲಿಮೀಥೈಲ್ ಮೆಥಾಕ್ರಿಲೇಟ್. ಸೆಟ್ಟಿಗೆ ಇದು ಬಳಕೆಗೆ ಬಂದದ್ದು 1937ರ ಸುಮಾರಿಗೆ. ಅದಕ್ಕೂ ಮುಂಚೆ ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರಿನಲ್ಲಿ ಸೆಟ್ಟು ಮಾಡುತ್ತಿದ್ದರು. ಅಕ್ರಿಲಿಕ್ ಪುಡಿ ಮತ್ತು ಲಿಕ್ವಿಡ್ ಕಲಸಿ, ಹಿಟ್ಟಿನ ಹದಕ್ಕೆ ತಂದು, ಫ್ಲಾಸ್ಕ್ ಎಂಬ ಲೋಹದ ಡಬ್ಬಿಯೊಳಗಿನ ಅಚ್ಚಿನಲ್ಲಿ ಒತ್ತಿ, ನೀರಿನಲ್ಲಿ ಕಾಯಿಸಿ ಗಟ್ಟಿ ಮಾಡುತ್ತೇವೆ. ಪದ್ಧತಿ ಪ್ರಕಾರ 74 ಡಿಗ್ರಿಯಲ್ಲಿ 8 ಗಂಟೆ, ಆಮೇಲೆ 100 ಡಿಗ್ರಿಯಲ್ಲಿ 1 ಗಂಟೆ. ತಣ್ಣಗಾಗುವಾಗ ಒಳಗೆ ಒಂದಿಷ್ಟು ಬಿಗಿತ ಉಳಿದುಬಿಡುತ್ತದೆ. ಮನೆಯಲ್ಲಿ ಮತ್ತೆ ಕುದಿಸಿದರೆ ಆ ಬಿಗಿತ ಸಡಿಲವಾಗಿ ಸೆಟ್ಟು ಸೊಟ್ಟಗಾಗುತ್ತದೆ. ಮಾನ್ವಿ ಅಜ್ಜಿಗೆ ಆದದ್ದು ಇದೇ.

ಎರಡನೆಯದು ಬಾಗುವ ಸೆಟ್ಟು. ಜನ ಫ್ಲೆಕ್ಸಿಬಲ್ ಅನ್ನುತ್ತಾರೆ. ಇದು ನೈಲಾನ್ ಜಾತಿ. ಬಾಗುತ್ತದೆ, ಮುರಿಯುವುದು ಕಡಿಮೆ. ಆದರೆ ಅಕ್ರಿಲಿಕ್‌ನಷ್ಟು ನುಣುಪಾಗಿ ಪಾಲಿಶ್ ಆಗುವುದಿಲ್ಲ, ಬಣ್ಣವನ್ನೂ ಬೇಗ ಹಿಡಿಯುತ್ತದೆ. ಮೂರನೆಯದು ಲೋಹದ ಚೌಕಟ್ಟಿನದು, ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ. ಒಂದೆರಡು ಹಲ್ಲಿನ ಅಕ್ರಿಲಿಕ್ ಸೆಟ್ಟಿಗೂ ತಂತಿಯ ಕೊಕ್ಕೆ ಇರುತ್ತದೆ. ಅದನ್ನೂ ಲೋಹದ ಲೆಕ್ಕಕ್ಕೇ ಸೇರಿಸಿ.

ಇನ್ನೊಂದು ಇದೆ, ಅದನ್ನು ಬಹಳ ಜನ ಮರೆಯುತ್ತಾರೆ. ಒಸಡು ನೋಯುವವರಿಗೆ ಡಾಕ್ಟರು ಸೆಟ್ಟಿನ ಒಳಗೆ ಮೆತ್ತನೆಯ ಪದರ ಹಾಕಿರುತ್ತಾರೆ. ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗುತ್ತದೆ. ಇದು ಬಲು ಸೂಕ್ಷ್ಮ. ಇಂಥ ಸೆಟ್ಟಿಗೆ ಎಣ್ಣೆ, ಕಷಾಯ, ಹುಳಿ ಯಾವುದೂ ಬೇಡ. ತಣ್ಣೀರು, ಹತ್ತಿ, ಡಾಕ್ಟರು ಹೇಳಿದ ಔಷಧ, ಅಷ್ಟೆ. ನಿಮ್ಮದು ಇದೇ ಆಗಿದ್ದರೆ ನೇರವಾಗಿ ರಾತ್ರಿಯ ಭಾಗಕ್ಕೆ ಹೋಗಿ.

ಎರಡನೇ ಹೆಜ್ಜೆ: ಗಿಡಕ್ಕಿಂತ ಮೊದಲು ಸೋಪು

ಬೇವು ಹಾಕಿ, ತುಳಸಿ ಹಾಕಿ, ಮೊದಲು ಲೋಳೆ ಹೋಗಬೇಕು. ಸೆಟ್ಟಿನ ಮೇಲೆ ಅನ್ನದ ಅಗುಳು, ಉಗುಳು, ಸೂಕ್ಷ್ಮಜೀವಿ ಎಲ್ಲಾ ಸೇರಿ ಪೊರೆ ಕಟ್ಟುತ್ತವೆ. ಈ ಪೊರೆ ಕೂತ ಮೇಲೆ ಯಾವ ಕಷಾಯವೂ ಒಳಗಿಳಿಯುವುದಿಲ್ಲ. ಉಜ್ಜಿಯೇ ತೆಗೆಯಬೇಕು.

ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಅಥವಾ ಕೈ ತೊಳೆಯುವ ಸೋಪು ತಗೊಳ್ಳಿ. ಮೆತ್ತನೆಯ ಬ್ರಷ್ ಇರಲಿ. ಸಿಂಕಿನಲ್ಲಿ ಅಥವಾ ಬುಟ್ಟಿಯಲ್ಲಿ ನೀರು ತುಂಬಿ, ಅದರ ಮೇಲೆ ಸೆಟ್ಟು ಹಿಡಿದು ಉಜ್ಜಿ. ಕೈ ಜಾರಿದರೆ ನೀರಿಗೆ ಬೀಳುತ್ತದೆ, ಮುರಿಯುವುದಿಲ್ಲ. ನಮ್ಮಲ್ಲಿಗೆ ಬರುವ ಮುರಿದ ಸೆಟ್ಟುಗಳ ಕಥೆ ಕೇಳಿದರೆ “ಬಚ್ಚಲ ಕಲ್ಲಿನ ಮೇಲೆ ಬಿತ್ತು” ಅನ್ನುವುದೇ ಜಾಸ್ತಿ. ಕೆಳಗಿನ ಸೆಟ್ಟನ್ನು ಮುಷ್ಟಿಯಲ್ಲಿ ಬಿಗಿ ಹಿಡಿಯಬೇಡಿ, ನಡುವೆ ಸೀಳುತ್ತದೆ.

ಟೂತ್‌ಪೇಸ್ಟ್ ಬೇಡ. ಅದರಲ್ಲಿ ಹಲ್ಲು ಉಜ್ಜಲು ಸಿಲಿಕಾ ಅಥವಾ ಸುಣ್ಣದಕಲ್ಲಿನ ನುಣ್ಣನೆ ಪುಡಿ ಇರುತ್ತದೆ. ನಿಜವಾದ ಹಲ್ಲಿನ ಮೇಲ್ಪದರ ಗಟ್ಟಿ, ತಡೆಯುತ್ತದೆ. ಅಕ್ರಿಲಿಕ್ ಅದಕ್ಕಿಂತ ಬಹಳ ಮೆತ್ತಗೆ, ಗೀರು ಬೀಳುತ್ತದೆ. ಆಯುರ್ವೇದದ ಹಲ್ಲುಪುಡಿ, ಇದ್ದಿಲು, ಉಪ್ಪು, ಕುಳ್ಳಿನ ಬೂದಿ ಎಲ್ಲವೂ ಇದೇ ಸಾಲಿಗೆ. ಬೂದಿ ಹಚ್ಚಿ ಉಜ್ಜಿದ ದಿನ ಸೆಟ್ಟು ಹೊಳೆದಂತೆ ಕಾಣುತ್ತದೆ, ಅದು ನಿಜ. ಕರೆ ಹೋಗಿರುತ್ತದೆ, ಅದರ ಜೊತೆ ಪಾಲಿಶ್ ಕೂಡ ಹೋಗಿರುತ್ತದೆ. ಒರಟಾದ ಮೈಗೆ ಸೂಕ್ಷ್ಮಜೀವಿ ಬೇಗ ಅಂಟಿಕೊಳ್ಳುತ್ತವೆ. ದಂತವೈದ್ಯದಲ್ಲಿ ಇದಕ್ಕೊಂದು ಅಳತೆ ಇದೆ: ಒರಟುತನ 0.2 ಮೈಕ್ರಾನ್ ದಾಟಿದರೆ ಪೊರೆ ಕೂರುವುದು ಹೆಚ್ಚುತ್ತದೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಕಣ್ಣಿಗೆ ಕಾಣದ ಗೀರೂ ಲೆಕ್ಕಕ್ಕೆ ಬರುತ್ತದೆ, ಅಲ್ವಾ?

ಮೂರನೇ ಹೆಜ್ಜೆ: ಯಾವ ಗಿಡ ಸೆಟ್ಟಿಗೆ ಏನು ಮಾಡುತ್ತದೆ

ಅರಿಶಿನದಿಂದ ಶುರು ಮಾಡೋಣ. ನಮ್ಮ ಲ್ಯಾಬಿಗೆ ಹಳದಿ ಹಲ್ಲಿನ ಸೆಟ್ಟು ಬಂದರೆ ನಾನು ಮೊದಲು ಕೇಳುವುದು ಇದನ್ನೇ. ಅರಿಶಿನದ ಬಣ್ಣ ಕರ್ಕ್ಯುಮಿನ್. ನೀರಿನಲ್ಲಿ ಅದು ಸರಿಯಾಗಿ ಕರಗುವುದಿಲ್ಲ, ಎಣ್ಣೆಯಂಥದ್ದನ್ನು ಹುಡುಕುತ್ತದೆ. ಅಕ್ರಿಲಿಕ್ ಸಿಕ್ಕರೆ ಅಲ್ಲೇ ಕೂರುತ್ತದೆ. ಆಮೇಲೆ ನೀರು ಹಾಕಿ ತೊಳೆದರೆ ಯಾಕೆ ಹೋಗುತ್ತದೆ? ಸೋಡಾ ಹಾಕಿ ತೆಗೆಯಲು ಹೋದವರಿಗೆ ಇನ್ನೊಂದು ಆಟ ಕಾದಿರುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುವುದು ಕುಂಕುಮ ನೋಡಿದವರಿಗೆಲ್ಲ ಗೊತ್ತು. ಸೆಟ್ಟಿನ ಮೇಲೂ ಹಾಗೇ, ಹಳದಿ ಕೆಂಪಿಗೆ ತಿರುಗುತ್ತದೆ. ಬಟ್ಟೆಯ ಅರಿಶಿನ ಬಿಸಿಲಿಗೆ ಹಾರುತ್ತದೆ ಅಂತ ಸೆಟ್ಟನ್ನೂ ಮಾಳಿಗೆ ಮೇಲೆ ಒಣಹಾಕಿದವರಿದ್ದಾರೆ. ಬಿಸಿಲಿಗೆ ಕರ್ಕ್ಯುಮಿನ್ ಮಾಸುವುದು ಖರೆ. ಆದರೆ ರಾಯಚೂರಿನ ಏಪ್ರಿಲ್ ಬಿಸಿಲಿಗೆ ಸೆಟ್ಟು ಒಣಗಿ ಕುಗ್ಗುತ್ತದೆ. ಅರಿಶಿನದ ನೀರು ಬೇಡವೇ ಬೇಡ. ಊಟದ ಸಾರಿನ ಅರಿಶಿನ ಬಿಡಿ, ಅದನ್ನು ತಪ್ಪಿಸಲಾಗುವುದಿಲ್ಲ. ಉಂಡ ತಕ್ಷಣ ತೊಳೆದರಾಯಿತು.

ತ್ರಿಫಲಾ, ದಾಳಿಂಬೆ ಸಿಪ್ಪೆ, ಸೀಬೆ ಎಲೆ, ಕರಿಜಾಲಿ ತೊಗಟೆ. ಇವೆಲ್ಲ ಒಗರು. ಒಗರಿಗೆ ಕಾರಣ ಟ್ಯಾನಿನ್. ಚಹಾದ ಕರೆ, ಎಲೆ-ಅಡಿಕೆಯ ಕರೆಯಲ್ಲೂ ಇದರ ಪಾಲಿದೆ. ಕೊಪ್ಪಳದ ಕಡೆ ದಾಳಿಂಬೆ ಬೆಳೆ ಚೆನ್ನಾಗಿದೆ, ಸಿಪ್ಪೆ ಬಿಟ್ಟಿ ಸಿಗುತ್ತದೆ. ಸಿಪ್ಪೆಯ ಸಾರಕ್ಕೆ ಬೂಷ್ಟನ್ನು ತಡೆಯುವ ಗುಣವೂ ಇದೆ. ಆದರೆ ದಿನಾ ನೆನೆಹಾಕಿದರೆ ಸೆಟ್ಟು ಕಂದು ಬಣ್ಣಕ್ಕೆ ತಿರುಗುವ ದಾರಿ ಹಿಡಿಯುತ್ತದೆ. ಇವನ್ನು ಕಬ್ಬಿಣದ ಬಾಣಲೆಯಲ್ಲಂತೂ ಕುದಿಸಲೇಬೇಡಿ. ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಹಳೇ ಕಾಲದ ಬರೆಯುವ ಮಸಿ ಮಾಡುತ್ತಿದ್ದದ್ದೇ ಹೀಗೆ. ಬೋರಿನ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೂ ಇದೇ ಗತಿ.

ಲವಂಗದ ಎಣ್ಣೆ. ಇದರ ಮೇಲೆ ನನಗೆ ಸಿಟ್ಟೇ ಇದೆ. ಹಲ್ಲುನೋವಿಗೆ ಒಳ್ಳೆಯದು ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಸೆಟ್ಟಿಗೂ ಒಳ್ಳೆಯದು ಅಂದುಕೊಳ್ಳುತ್ತಾರೆ. ಅದರಲ್ಲಿರುವ ಯೂಜೆನಾಲ್ ಅಕ್ರಿಲಿಕ್ಕನ್ನು ಮೆತ್ತಗೆ ಮಾಡುತ್ತದೆ. ಅಷ್ಟೇ ಅಲ್ಲ, ರಿಪೇರಿಗೆ ಹಾಕುವ ಹೊಸ ಅಕ್ರಿಲಿಕ್ ಗಟ್ಟಿಯಾಗುವುದನ್ನೂ ತಡೆಯುತ್ತದೆ. ನಮ್ಮ ಕಸುಬಿನಲ್ಲಿ ಇದು ಮೊದಲ ಪಾಠ. ನೀಲಗಿರಿ, ಪುದೀನಾ, ಟೀ ಟ್ರೀ ಎಣ್ಣೆಗಳನ್ನೂ ನೇರವಾಗಿ ಸೆಟ್ಟಿಗೆ ಹಚ್ಚಬಾರದು. ಮೆತ್ತನೆ ಪದರ ಇದ್ದರಂತೂ ಅದರ ಮೆತ್ತಗಿನ ಗುಣ ಹೋಗುತ್ತದೆ.

ಬಾಟಲಿಯಲ್ಲಿ ಸಿಗುವ ಗಿಡಮೂಲಿಕೆ ಟಿಂಚರ್‌ಗಳಲ್ಲಿ ಸ್ಪಿರಿಟ್ ಇರುತ್ತದೆ. ಅರಿಷ್ಟ, ಆಸವಗಳಲ್ಲಿ ಹುದುಗಿನಿಂದಲೇ ಆಲ್ಕೋಹಾಲ್ ಹುಟ್ಟುತ್ತದೆ. ಆಲ್ಕೋಹಾಲ್ ತಾಗಿದ ಅಕ್ರಿಲಿಕ್ಕಿನಲ್ಲಿ ಕೂದಲಿನಂಥ ಬಿರುಕುಗಳು ಏಳುತ್ತವೆ. ಸೆಟ್ಟನ್ನು ಬೆಳಕಿಗೆ ಓರೆ ಹಿಡಿದರೆ ಕಾಣುತ್ತವೆ. ಮುಂದೆ ಮುರಿಯುವುದು ಆ ಗೆರೆಯಲ್ಲೇ. ಲೇಬಲ್ ಓದದೆ ಯಾವುದನ್ನೂ ಸುರಿಯಬೇಡಿ.

ಅಂಟುವಾಳ ನನಗೆ ಇಷ್ಟ. ಅದರ ನೊರೆ ಸೆಪೋನಿನ್‌ನಿಂದ ಬರುತ್ತದೆ. ಜಿಡ್ಡು ಎತ್ತುತ್ತದೆ, ಉಜ್ಜಿ ಗೀರುವ ಹರಳು ಇಲ್ಲ. ಎರಡು ಕಾಯಿ ಬೀಜ ತೆಗೆದು ಒಂದು ಲೋಟ ನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಆ ನೊರೆಯಿಂದ ಬ್ರಷ್ ಮಾಡಿ. ಕಹಿ ಇದೆ, ನಾಲ್ಕೈದು ಸಲ ತೊಳೆಯಿರಿ. ಮರುದಿನಕ್ಕೆ ಇಡಬೇಡಿ, ಹುಳಿಯುತ್ತದೆ. ಹಾಗಂತ ಎರಡು ಹನಿ ಸೋಪಿಗಿಂತ ಇದು ಮೇಲು ಅಂತ ನಾನು ಹೇಳುವುದಿಲ್ಲ. ಸೀಗೆಪುಡಿ ಮಾತ್ರ ಬೇಡ, ಎಷ್ಟು ಜರಡಿ ಹಿಡಿದರೂ ತರಿ ಉಳಿಯುತ್ತದೆ.

ನಮ್ಮ ಕಡೆಯ ಔಡಲದ ಸುದ್ದಿ ಸ್ವಲ್ಪ ಸ್ವಾರಸ್ಯ. ಬ್ರೆಜಿಲ್ ದೇಶದ ಸಂಶೋಧಕರು ಔಡಲದ ಎಣ್ಣೆಯಿಂದ ಮಾಡಿದ ನೂರಕ್ಕೆ 10ರ ದ್ರಾವಣವನ್ನು ಸೆಟ್ಟು ತೊಳೆಯಲು ಬಳಸಿ ನೋಡಿದ್ದಾರೆ. ಆದರೆ ಅದು ಎಣ್ಣೆಯನ್ನು ಸಂಸ್ಕರಿಸಿ ಸಾಬೂನಿನಂತೆ ನೀರಿಗೆ ಬೆರೆಯುವ ಹಾಗೆ ಮಾಡಿದ್ದು. ನಮ್ಮ ಗಾಣದ ಎಣ್ಣೆ ಹಚ್ಚಿದರೆ ಸೆಟ್ಟಿನ ಮೇಲೆ ಜಿಡ್ಡು ಕೂತು ಧೂಳು, ಬಣ್ಣ ಹಿಡಿಯುತ್ತದೆ ಅಷ್ಟೆ.

ನಾಲ್ಕನೇ ಹೆಜ್ಜೆ: ಮೊದಲು ತುಂಡಿನ ಮೇಲೆ ನೋಡಿ

ಯಾರೋ ಹೇಳಿದರು, ಮೊಬೈಲಿನಲ್ಲಿ ಬಂತು ಅಂತ ಹೊಸದೊಂದು ಕಷಾಯ ಬಳಸುವ ಮನಸ್ಸಾದರೆ ಸೆಟ್ಟಿನ ಮೇಲೆ ಪ್ರಯೋಗ ಬೇಡ. ಯಾವುದೇ ಲ್ಯಾಬಿಗೆ ಹೋಗಿ ಮುರಿದ ಹಳೇ ಅಕ್ರಿಲಿಕ್ ತುಂಡು ಕೇಳಿ. ಡಬ್ಬಿಗಟ್ಟಲೆ ಇರುತ್ತವೆ, ಸುಮ್ನೆ ಕೊಡುತ್ತಾರೆ. ಪಾಲಿಶ್ ಆಗಿರುವ ತುಂಡೇ ಬೇಕು ಅನ್ನಿ. ಅದನ್ನು ಎರಡು ಹೋಳು ಮಾಡಿಸಿ. ಒಂದನ್ನು ಬರೀ ನೀರಿನಲ್ಲಿಡಿ. ಇನ್ನೊಂದನ್ನು ಕಷಾಯದಲ್ಲಿಡಿ.

ಎಷ್ಟು ಹೊತ್ತು? ದಿನಕ್ಕೆ 20 ನಿಮಿಷ ನೆನೆಸುವ ಲೆಕ್ಕವಿದ್ದರೆ 30 ದಿನಕ್ಕೆ 10 ಗಂಟೆ ಆಗುತ್ತದೆ. ಹಾಗಾಗಿ 10 ಗಂಟೆ ಒಂದೇ ಸಲ ಇಟ್ಟರೆ ಒಂದು ತಿಂಗಳ ಅಂದಾಜು ಸಿಗುತ್ತದೆ. ಆಮೇಲೆ ಎರಡನ್ನೂ ತೊಳೆದು ಬಿಳಿ ಕಾಗದದ ಮೇಲೆ ಬೆಳಗಿನ ಬೆಳಕಿನಲ್ಲಿ ಪಕ್ಕಪಕ್ಕ ಇಡಿ. ಬಣ್ಣದ ವ್ಯತ್ಯಾಸ ಕಣ್ಣಿಗೆ ಬಿತ್ತಾ? ಆ ಕಷಾಯ ಬಿಡಿ.

ಬಣ್ಣ ಸರಿಯಿದ್ದರೆ ಹೊಳಪು ನೋಡಿ. ಇದು ನಮ್ಮ ಲ್ಯಾಬಿನ ಉಪಾಯ: ಟ್ಯೂಬ್‌ಲೈಟಿನ ಕೆಳಗೆ ತುಂಡು ಹಿಡಿಯಿರಿ. ಒಳ್ಳೆಯ ಪಾಲಿಶ್ ಇದ್ದರೆ ಲೈಟಿನ ಗೆರೆ ಅದರಲ್ಲಿ ನೇರವಾಗಿ, ಅಂಚು ತೀಡಿದಂತೆ ಕಾಣುತ್ತದೆ. ಮೈ ಒರಟಾಗಿದ್ದರೆ ಗೆರೆ ಕದಡುತ್ತದೆ. ಹತ್ತಿಯ ಎಳೆಯೊಂದನ್ನು ಮೇಲೆ ಎಳೆದೂ ನೋಡಬಹುದು, ಸಿಕ್ಕಿಕೊಂಡರೆ ಒರಟು. ಉಗುರು ಒತ್ತಿ ನೋಡಿ. ಗುರುತು ಬಿದ್ದರೆ ಮೆತ್ತಗಾಗಿದೆ. ಸಂಶೋಧನೆಯಲ್ಲಿ ಇದನ್ನೇ ಯಂತ್ರದಿಂದ ಅಳೆಯುತ್ತಾರೆ. ನಮ್ಮ ಕಣ್ಣಿಗೆ ಸಣ್ಣ ಬದಲಾವಣೆ ತಪ್ಪಬಹುದು. ಆದರೆ ಕಣ್ಣಿಗೇ ಕಂಡದ್ದು ಖಂಡಿತ ದೊಡ್ಡದು.

ಒಂದು ಮಾತು. ಸೆಟ್ಟು ಹಿಂದೆ ಮುರಿದು ರಿಪೇರಿ ಆಗಿದ್ದರೆ ಆ ಜೋಡಣೆಯ ಗೆರೆ ಮೊದಲು ಬಣ್ಣ ಹಿಡಿಯುತ್ತದೆ. ರಿಪೇರಿಗೆ ಕಾಯಿಸದೆ ಗಟ್ಟಿಯಾಗುವ ಅಕ್ರಿಲಿಕ್ ಬಳಸುತ್ತೇವೆ. ಅದರಲ್ಲಿ ಸಣ್ಣ ರಂಧ್ರ ಜಾಸ್ತಿ. ತುಂಡು ಪಾಸಾಗಿ ಸೆಟ್ಟಿನ ಗೆರೆ ಮಾತ್ರ ಕಪ್ಪಾದರೆ ಕಾರಣ ಇದು.

ಐದನೇ ಹೆಜ್ಜೆ: ಬೇವಿನ ನೀರು, ಮಾಡುವುದೇ ಆದರೆ

ಸೆಟ್ಟು ಹಾಕುವವರ ಅಂಗಳು ಕೆಂಪಾಗುವುದಕ್ಕೆ ಹೆಚ್ಚಾಗಿ ಕ್ಯಾಂಡಿಡಾ ಎಂಬ ಬೂಷ್ಟು ಜೊತೆಗಿರುತ್ತದೆ. ಬೇವಿನ ಸಾರ ಇದನ್ನು ಕಡಿಮೆ ಮಾಡುವುದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ಅಲ್ಲಿ ಸಾರದ ತೂಕ, ಪ್ರಮಾಣ ಎಲ್ಲಾ ಅಳೆದದ್ದು. ನಿಮ್ಮ ಮನೆ ಮುಂದಿನ ಮರದ ಎಲೆಯಲ್ಲಿ ಎಷ್ಟಿದೆ ಅಂತ ಯಾರು ಅಳೆದರು? ಹಾಗಾಗಿ ಇದು ಸೋಪು-ಬ್ರಷ್‌ಗೆ ಜೊತೆ, ಬದಲಿ ಅಲ್ಲ.

ಒಂದು ಹಿಡಿ ಬಲಿತ ಎಲೆ ತೊಳೆದು, ಅರ್ಧ ಲೀಟರ್ ನೀರಿಗೆ ಹಾಕಿ, ಸ್ಟೀಲ್ ಪಾತ್ರೆಯಲ್ಲಿ 10 ನಿಮಿಷ ಕುದಿಸಿ. ಒಲೆಯಿಂದ ಇಳಿಸಿ ಪೂರ್ತಿ ಆರಲು ಬಿಡಿ. ಬೆರಳು ಅದ್ದಿದರೆ ತಣ್ಣಗಿರಬೇಕು, ಉಗುರುಬೆಚ್ಚಗೂ ಬೇಡ. ತೆಳು ಬಟ್ಟೆ ಎರಡು ಪದರ ಮಾಡಿ ಸೋಸಿ. ಉಜ್ಜಿ ತೊಳೆದ ಸೆಟ್ಟನ್ನು 15ರಿಂದ 20 ನಿಮಿಷ ಅದರಲ್ಲಿಡಿ. ತೆಗೆದು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಉಳಿದ ನೀರು ಗಿಡಕ್ಕೆ ಹಾಕಿ. ನಾಳೆಗೆ ಇಟ್ಟ ಕಷಾಯದಲ್ಲಿ ಹೊಸ ಸೂಕ್ಷ್ಮಜೀವಿ ಬೆಳೆಯುತ್ತದೆ.

ವಾರಕ್ಕೆ ಎರಡು ಸಲ ಸಾಕು. ರಾತ್ರಿಯಿಡೀ ಇಡಬೇಡಿ, ಹಸಿರು-ಕಂದು ಛಾಯೆ ಹತ್ತುತ್ತದೆ. ಅಂಗಳು ಆಗಲೇ ಕೆಂಪಾಗಿದ್ದರೆ, ಬಾಯಿಯ ಮೂಲೆ ಸೀಳಿದ್ದರೆ ಬೇವು ನೆಚ್ಚಿಕೊಂಡು ಕೂರಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಹೆಚ್ಚು. ರಾಯಚೂರಿನ ದಂತ ಕಾಲೇಜಿಗಾಗಲಿ ಹತ್ತಿರದ ಸರ್ಕಾರಿ ಆಸ್ಪತ್ರೆಗಾಗಲಿ ಹೋಗಿ ಬಾಯಿ ತೋರಿಸಿ. ಔಷಧವೂ ಬೇಕಾಗಬಹುದು, ಸೆಟ್ಟನ್ನು ಸರಿ ಮಾಡಿಸಬೇಕಾಗಲೂಬಹುದು.

ಆರನೇ ಹೆಜ್ಜೆ: ಬಿಳಿ ಪೊರೆಗೆ ಹುಳಿ

ನಮ್ಮ ಕಡೆಯವರಿಗೆ ಇದು ಬೇಕೇ ಬೇಕು. ಬೋರಿನ ನೀರು ಗಡಸು, ಎಷ್ಟೋ ಊರಲ್ಲಿ ಸವಳು. ಕೊಡದ ಒಳಗೆ ಕೂರುವ ಬಿಳಿ ಪೊರೆ ಸೆಟ್ಟಿನ ಮೇಲೂ ಕೂರುತ್ತದೆ. ಜೊತೆಗೆ ಉಗುಳಿನ ಸುಣ್ಣದ ಅಂಶ, ಎಲೆ-ಅಡಿಕೆಯ ಸುಣ್ಣ. ಕೆಳಗಿನ ಸೆಟ್ಟಿನ ಮುಂದಿನ ಹಲ್ಲಿನ ಒಳಬದಿಗೆ ಹೆಚ್ಚು ಕಾಣುತ್ತದೆ. ಚಾಕುವಿನಿಂದ ಕೆರೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಸುಣ್ಣ ಕರಗುವುದು ಹುಳಿಗೆ. ಅಂಗಡಿಯ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಸೆಟ್ಟನ್ನು ಅರ್ಧ ಗಂಟೆ ಇಟ್ಟು, ಬ್ರಷ್‌ನಿಂದ ಉಜ್ಜಿ. ಒಂದೇ ಸಲಕ್ಕೆ ಹೋಗದಿದ್ದರೆ ಮರುವಾರ ಮತ್ತೆ. ನಿಂಬೆರಸವೂ ಆದೀತು, ನೀರು ಬೆರೆಸಿ, ಹತ್ತು ನಿಮಿಷ. ಹುಣಸೆ ಬೇಡ, ಅದಕ್ಕೆ ಬಣ್ಣವಿದೆ. ತಾಮ್ರದ ಚೆಂಬು ಬೆಳಗುತ್ತದೆ ಅಂತ ಎಲ್ಲದಕ್ಕೂ ಹುಣಸೆಯೇ ಆಗಬೇಕಾ? ಲೋಹದ ಚೌಕಟ್ಟು, ತಂತಿ ಕೊಕ್ಕೆ ಇರುವ ಸೆಟ್ಟಿಗೆ ಹುಳಿ ಮಾಡಬೇಡಿ. ಡಾಕ್ಟರ ಹತ್ತಿರ ಅಲ್ಟ್ರಾಸೋನಿಕ್ ಯಂತ್ರದಲ್ಲಿ ತೊಳೆಸಿ.

ಇಲ್ಲಿ ಒಂದು ಅಪಾಯ ಇದೆ. ಬ್ಲೀಚ್ ಹಾಕಿದ ನೀರಿಗೆ ವಿನೆಗರ್ ಅಥವಾ ನಿಂಬೆ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಉಸಿರು ಕಟ್ಟುತ್ತದೆ. ಎರಡನ್ನೂ ಒಂದೇ ಪಾತ್ರೆಯಲ್ಲಿ, ಒಂದೇ ದಿನ ಬಳಸಬೇಡಿ. ಅಂದ ಹಾಗೆ ಬ್ಲೀಚ್ ಡಾಕ್ಟರು ಹೇಳಿದ್ದರೆ ಮಾತ್ರ. ತೆಳು ಮಾಡಿದ್ದನ್ನೂ 10 ನಿಮಿಷಕ್ಕಿಂತ ಹೆಚ್ಚು ಇಡಬಾರದು ಎನ್ನುವುದು ಅಮೆರಿಕದ ದಂತವೈದ್ಯರ ಮಾರ್ಗಸೂಚಿಯಲ್ಲೇ ಇದೆ. ಗುಲಾಬಿ ಬಣ್ಣ ಬಿಳಿಚುತ್ತದೆ, ಲೋಹ ಕಪ್ಪಾಗುತ್ತದೆ.

ರಾತ್ರಿ

ಸೆಟ್ಟು ತೆಗೆದು ಮಲಗಿ. ಜಪಾನಿನಲ್ಲಿ 85 ದಾಟಿದ ಹಿರಿಯರನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಸುಮಾರು ಎರಡು ಪಟ್ಟು ಹೆಚ್ಚು ಕಂಡಿತ್ತು. ತೆಗೆದ ಸೆಟ್ಟನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ಮುಳುಗುವಷ್ಟು ತಣ್ಣೀರಿನಲ್ಲಿಡಿ. ಕುಡಿಯುವ ಶುದ್ಧ ನೀರಾದರೆ ಪೊರೆ ಕೂರುವುದು ಕಡಿಮೆ. ದಿನಾ ನೀರು ಬದಲಿಸಿ, ಡಬ್ಬಿಯನ್ನೂ ಉಜ್ಜಿ. ತುಳಸಿ ಎಲೆ ಹಾಕಿಡುವವರಿದ್ದಾರೆ. ಬೆಳಗಿನ ಹೊತ್ತಿಗೆ ಎಲೆ ಕೊಳೆತು ನೀರು ಬಣ್ಣಗೆಡುತ್ತದೆ, ಅದೇನೂ ಬೇಡ.

ನೊರೆ ಬರುವ ಮಾತ್ರೆ ಬಳಸುವವರು ಅದನ್ನು ಮಕ್ಕಳಿಗೆ, ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಸಿಗದಂತೆ ಇಡಿ. ಮಾತ್ರೆ ಹಾಕಿದ ನೀರು ಕುಡಿದುಬಿಟ್ಟ ಪ್ರಸಂಗಗಳಿವೆ. ಬೆಳಗ್ಗೆ ತೊಳೆಯದೆ ಬಾಯಿಗೆ ಹಾಕಬಾರದು.

ಲ್ಯಾಬಿಗೆ ತರುವಾಗ

ಕರೆ ಹೋಗದಿದ್ದರೆ, ಮೈ ಒರಟಾಗಿದ್ದರೆ ಪಾಲಿಶ್ ಮಾಡಿಸಿ. ಪ್ಯೂಮಿಸ್ ಎಂಬ ಕಲ್ಲಿನ ಪುಡಿ ಹಾಕಿ ಬಫ್ (ಪಾಲಿಶ್ ಮಾಡುವ ಬಟ್ಟೆಯ ಗಾಲಿ) ತಿರುಗಿಸಿದರೆ ಬಹಳಷ್ಟು ಸರಿಹೋಗುತ್ತದೆ, ಹೆಚ್ಚು ಹೊತ್ತಿನ ಕೆಲಸವಲ್ಲ. ಸೊಟ್ಟಗಾದದ್ದು ಮಾತ್ರ ಬಫ್‌ಗೆ ಬಗ್ಗುವುದಿಲ್ಲ. ಆ ಮಾನ್ವಿ ಅಜ್ಜಿಗೆ ಡಾಕ್ಟರು ಮತ್ತೆ ಅಳತೆ ತೆಗೆದು ಹೊಸದೇ ಮಾಡಿಸಬೇಕಾಯಿತು.

ಸೆಟ್ಟನ್ನು ಒದ್ದೆ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿ ತನ್ನಿ, ಕಾಗದದಲ್ಲಿ ಅಲ್ಲ. ಬಸ್ಸಿನಲ್ಲಿ ಕಸ ಅಂತ ಎಸೆದವರಿದ್ದಾರೆ. ಏನೇನು ಹಚ್ಚಿದ್ದಿರಿ ಅನ್ನುವುದನ್ನು ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ. ಲವಂಗದ ಎಣ್ಣೆ ಅಂತ ಗೊತ್ತಾದರೆ ಆ ಜಾಗವನ್ನು ಕೆರೆದು ತೆಗೆದು ಆಮೇಲೆ ಪುಡಿ-ಲಿಕ್ವಿಡ್ ಹಾಕುತ್ತೇವೆ. ಗೊತ್ತಿಲ್ಲದೆ ಹಾಕಿದರೆ ಅದು ಗಟ್ಟಿಯಾಗಿ ಕೂರುವುದಿಲ್ಲ, ವಾರದೊಳಗೆ ಅದೇ ಸೆಟ್ಟು ಹಿಡಿದುಕೊಂಡು ನೀವು ಮತ್ತೆ ಬರುತ್ತೀರಿ.